ಪಾಕಕಲೆಯ ಪದವಿ: ಅಂಕ ಸಾಕೇ?

ಪ್ರಶ್ನೆ: ಪಾಕಕಲೆಯಲ್ಲಿ ಪದವಿ ಮುಗಿಸಲಿದ್ದೇನೆ. ಅಂಕಗಳು ಚೆನ್ನಾಗಿವೆ. ಒಳ್ಳೆಯ ಕೆಲಸ ಸಿಗಲು ಇಷ್ಟು ಸಾಕೇ?

ಉತ್ತರ: ಅಂಕಪಟ್ಟಿ ನಿಮ್ಮನ್ನು ಸಂದರ್ಶನದವರೆಗೆ ಕರೆತರುತ್ತದೆ, ಮುಂದಿನದನ್ನು ಕೈ ಹೇಳಬೇಕು. ಹೊಸಬರಿಗೆ ನಾನು ಚಾಕು, ಈರುಳ್ಳಿ ಕೊಟ್ಟು ಸುಮ್ಮನೆ ನಿಲ್ಲುತ್ತೇನೆ. ಹೋಳುಗಳು ಒಂದೇ ಅಳತೆಯಲ್ಲಿವೆಯೇ, ಹಲಗೆ ಜಾರದಂತೆ ಅದರ ಕೆಳಗೆ ಒದ್ದೆ ಬಟ್ಟೆ ಹಾಕಿದರೇ, ಮುಗಿದ ಮೇಲೆ ಜಾಗ ಒರೆಸಿದರೇ? ಅಷ್ಟರಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ತರಬೇತಿ ಪಡೆದ ಹೋಟೆಲಿನ ಹೆಸರಿಗೂ ಬೆಲೆಯಿದೆ. ಆದರೆ ಅಲ್ಲಿ ಬರೀ ಬೆಳ್ಳುಳ್ಳಿ ಸುಲಿದು ಬಂದಿದ್ದರೆ ಎರಡೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಒಲೆಯ ಮುಂದೆ, ಬೇಕರಿಯಲ್ಲಿ ಸರದಿ ಕೇಳಿ ಪಡೆಯಿರಿ, ಸಂಕೋಚ ಬೇಡ.

ಒಂದು ತಟ್ಟೆಯ ಸಾಮಗ್ರಿಯ ಖರ್ಚು ಮಾರಾಟ ಬೆಲೆಯ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಬಲ್ಲ ಪದವೀಧರರು ನನಗೆ ಸಿಕ್ಕಿದ್ದೇ ಅಪರೂಪ. ಅಂಥವರನ್ನು ನಾನು ಬಿಡುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರವನ್ನು ಹೆಚ್ಚು ಹೊತ್ತು ಇಡಬಾರದೇಕೆ ಎಂಬುದೂ ಗೊತ್ತಿರಲಿ.

ಊರು ಬಿಡಲು, ರಾತ್ರಿ ಪಾಳಿಗೆ ಸಿದ್ಧರಿದ್ದರೆ ಅವಕಾಶ ಹೆಚ್ಚು. ಹೋಟೆಲಿಗೇ ಅಂಟಿಕೊಳ್ಳಬೇಡಿ: ಆಸ್ಪತ್ರೆಗಳು, ವಿಮಾನಗಳಿಗೆ ಊಟ ಒದಗಿಸುವ ಘಟಕಗಳೂ ಇವೆ. ಪ್ರವಾಸಿ ಹಡಗಾದರೆ ವೈದ್ಯಕೀಯ ಪರೀಕ್ಷೆ, ಸಮುದ್ರ ಸುರಕ್ಷತಾ ತರಬೇತಿ ಎರಡನ್ನೂ ಮುಗಿಸಿಕೊಳ್ಳಬೇಕು.