ಕೋಲಾರದಲ್ಲಿ ಜಮೀನು ಕೊಂಡರೆ ನೀರೂ ನಿಮ್ಮದೇನಾ?

ಮುಳಬಾಗಿಲು ಕಡೆ ಜಮೀನು ನೋಡಿದ್ದೀರಿ, ಬೋರ್ ಇದೆ, ಅಂದ್ಮೇಲೆ ನೀರೂ ನಮ್ಮದೇ ಅಲ್ವಾ ಎಂದು ಕೇಳಿದ್ದೀರಿ. ಕಾಗದದಲ್ಲಿ ಹೌದು. ತನ್ನ ಜಮೀನಿನ ಅಡಿಯ ನೀರನ್ನು ಒಡೆಯ ಎತ್ತಿಕೊಳ್ಳಬಹುದು ಅನ್ನೋದು 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಇರುವ ಮಾತು. ಆದರೆ ಪಕ್ಕದ ಹೊಲದವರಿಗೂ ಇದೇ ಹಕ್ಕಿದೆ. ಅವರು ನಿಮಗಿಂತ ಆಳಕ್ಕೆ ಕೊರೆಸಿದರೆ ನಿಮ್ಮ ಬೋರ್ ಬತ್ತಬಹುದು. ಈ ಕಾರಣಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲಿವೆ.

ಹೊಸ ಬೋರ್ ಹಾಕಿಸೋದೂ ಸುಮ್ನೆ ಆಗುವ ಕೆಲಸವಲ್ಲ. ನಮ್ಮದು ಅಂತರ್ಜಲವನ್ನು ಮಿತಿಮೀರಿ ಎತ್ತಿರುವ ಜಿಲ್ಲೆ. 2011ರ ರಾಜ್ಯ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶದಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ಇರುವ ಬೋರ್ ಕೂಡ ನೋಂದಣಿ ಆಗಿರಬೇಕು. ಇನ್ನೊಂದು ಕಾಯ್ದೆ 1999ರದು. ಊರಿನ ಕುಡಿಯುವ ನೀರಿನ ಬೋರ್‌ನಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರ್ ತೆಗೆಸುವಂತಿಲ್ಲ. ಇದನ್ನು ಬ್ರೋಕರ್‌ಗಳು ಹೇಳೋದೇ ಇಲ್ಲ. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿ ಫೋನ್ ಮಾಡಿದರೆ ಬಂದುಬಿಡುತ್ತದೆ. ಲಾರಿ ಬಂತು ಅಂದ ಮಾತ್ರಕ್ಕೆ ಅನುಮತಿ ಸಿಕ್ಕಿದೆ ಅಂದುಕೊಳ್ಳಬೇಡಿ. ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಬಂದು ಸಾಲಕ್ಕೆ ಬಿದ್ದವರು ಪ್ರತಿ ಊರಲ್ಲೂ ಸಿಗುತ್ತಾರೆ.

ಕ್ರಯಪತ್ರ ಬರೆಸುವಾಗ ಬೋರ್, ಮೋಟಾರು, ಪೈಪ್ ಹಾದು ಬರುವ ದಾರಿ ಎಲ್ಲವನ್ನೂ ಹೆಸರಿಸಿ ಬರೆಸಿ. ಬೋರ್ ಪಾಲಿನದಾಗಿದ್ದರೆ ಯಾರಿಗೆ ಯಾವ ದಿನ ಸರದಿ ಅನ್ನೋದನ್ನೂ ಸೇರಿಸಿ. ಕರೆಂಟ್ ಮೀಟರಿನ ಆರ್‌ಆರ್ ನಂಬರ್ ನಿಮ್ಮ ಹೆಸರಿಗೆ ಆಗಲಿ.

ಇಷ್ಟಾದರೂ ನನ್ನ ಕೇಳಿದರೆ, ಬೋರ್‌ಗಿಂತ ಮೊದಲು ನೋಡಬೇಕಾದ್ದು ಕೆರೆ. ಇಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಪಾಲಾರ್ ನಮ್ಮ ಜಿಲ್ಲೆ ದಾಟಿ ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. 1892ರಲ್ಲಿ ಮೈಸೂರು ಮತ್ತು ಮದ್ರಾಸ್ ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲಿ ಪಾಲಾರ್, ಪಿನಾಕಿನಿ ಎರಡೂ ಇವೆ. ಕೆಳಗಿನ ಮದ್ರಾಸನ್ನು ಕೇಳದೆ ಮೇಲಿನ ಮೈಸೂರು ಈ ನದಿಗಳಿಗೆ ಹೊಸ ಅಣೆಕಟ್ಟು ಕಟ್ಟುವಂತಿರಲಿಲ್ಲ. ಹಾಗಾಗಿ ನಮ್ಮ ಹಿರಿಯರು ನಂಬಿದ್ದು ಮಳೆ ಮತ್ತು ಕೆರೆಯನ್ನೇ. ತೂಬು ಎತ್ತಿ ಅಚ್ಚುಕಟ್ಟಿಗೆ, ಅಂದರೆ ಕೆರೆ ಕೆಳಗಿನ ಗದ್ದೆಗಳಿಗೆ, ನೀರು ಹಂಚೋಕೆ ನೀರಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಮೊದಲು, ಎಷ್ಟು ಹೊತ್ತು ಅನ್ನೋದು ಅವನ ಕೈಯಲ್ಲಿತ್ತು. ದೊಡ್ಡ ರೈತನೂ ಅವನ ಮಾತು ಮೀರುತ್ತಿರಲಿಲ್ಲ. ಬೋರ್ ಬಂದ ಮೇಲೆ ಆ ಹಂಚಿಕೆಯೇ ಕಳೆದುಹೋಯಿತು. ನಮ್ಮ ಜಿಲ್ಲೆಗೆ ಆದ ದೊಡ್ಡ ನಷ್ಟ ಇದು ಅಂತ ನನಗೆ ಈಗಲೂ ಅನ್ನಿಸುತ್ತದೆ.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬುತ್ತಿದ್ದಾರೆ. ಅದು ನೆಲಕ್ಕೆ ಇಂಗಿ ಅಂತರ್ಜಲ ಹೆಚ್ಚಲಿ ಅಂತ ಮಾತ್ರ. ಕೆರೆಗೇ ಪಂಪು ಇಟ್ಟು ಎತ್ತುವಂತಿಲ್ಲ. ಕೆರೆ ಪಕ್ಕದ ಎಷ್ಟೋ ಬೋರ್‌ಗಳಿಗೆ ಮತ್ತೆ ಜೀವ ಬಂದಿದೆ, ನಿಜ. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲೇಬೇಕು. ನಾವು ಕುಡಿಯೋದು ಇದೇ ನೆಲದ ನೀರು.

ಆದ್ದರಿಂದ ಪಹಣಿ ನೋಡೋಕೆ ಬಂದ ದಿನ ಕೆರೆ ಏರಿ ಮೇಲೂ ನಡೆಯಿರಿ. ನೀರು ಬರುವ ರಾಜಕಾಲುವೆಯ ಉದ್ದಕ್ಕೂ ಹೋಗಿ. ಅದನ್ನು ಯಾರಾದರೂ ಮುಚ್ಚಿ ಲೇಔಟ್ ಮಾಡಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ಊರಿನಲ್ಲಿ ಜಮೀನು ತಗೋಬೇಡಿ.