ನೆಕ್ಸ್ಟ್ ಜೆಎಸ್ 14.1ರಲ್ಲಿ ಲಾಗಿನ್ ಚೆಕ್ ಮಿಡಲ್‌ವೇರ್‌ನಲ್ಲಿ ಮಾತ್ರ ಇದ್ರೆ

ಸ್ವಂತ ಸರ್ವರ್‌ನಲ್ಲಿ ನೆಕ್ಸ್ಟ್ ಜೆಎಸ್ (ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) 14.1 ಓಡ್ತಿದೆ, ಲಾಗಿನ್ ಚೆಕ್ ಬರೀ ಮಿಡಲ್‌ವೇರ್‌ನಲ್ಲಿ (ರಿಕ್ವೆಸ್ಟ್ ಪೇಜಿಗೆ ಮುಟ್ಟೋ ಮುಂಚೆ ಓಡೋ ಕೋಡ್) ಇದೆ, ತೊಂದ್ರೆ ಇದೆಯಾ ಅಂತ ಕೇಳಿದ್ರಲ್ಲ, ಖಂಡಿತ ಇದೆ, ಇವತ್ತೇ 14.2.25 ಅಥವಾ ಅದಕ್ಕಿಂತ ಹೊಸ 14.2ಕ್ಕೆ (15 ಬಳಸೋದಾದ್ರೆ 15.2.3 ಅಥವಾ ಅದಕ್ಕಿಂತ ಹೊಸದಕ್ಕೆ) ಅಪ್‌ಡೇಟ್ ಮಾಡ್ಬಿಡಿ. 2025ರ ಮಾರ್ಚ್‌ನಲ್ಲಿ ಹೊರಗೆ ಬಂದ ತೂತು ಇದು, ಮಿಡಲ್‌ವೇರ್ ತನ್ನನ್ನೇ ಮತ್ತೆ ಮತ್ತೆ ಕರೆದು ಸುತ್ತು ಹಾಕ್ಬಾರ್ದು ಅಂತ ಫ್ರೇಮ್‌ವರ್ಕ್ ಒಳಗೊಳಗೇ ಎಕ್ಸ್-ಮಿಡಲ್‌ವೇರ್-ಸಬ್‌ರಿಕ್ವೆಸ್ಟ್ ಅನ್ನೋ ಹೆಡರ್ (ರಿಕ್ವೆಸ್ಟ್ ಜೊತೆ ಹೋಗೋ ಚಿಕ್ಕ ಮಾಹಿತಿ) ಬಳಸ್ತಿತ್ತು, ಅದನ್ನ ಹೊರಗಿನವ್ರು ಸರಿಯಾದ ವ್ಯಾಲ್ಯೂ ಹಾಕಿ ಕಳಿಸಿದ್ರೂ ನಂಬಿಬಿಟ್ಟು ಮಿಡಲ್‌ವೇರನ್ನೇ ದಾಟಿ ಹೋಗುತ್ತೆ, ಪಾಸ್‌ವರ್ಡ್ ಏನೂ ಬೇಡ, ಅಡ್ಮಿನ್ ಪೇಜ್ ನೇರ ಓಪನ್. ಭಯ ಆಗ್ಬೇಕಾದ ವಿಷ್ಯನೇ.

ಅಪ್‌ಡೇಟ್ ಆಗೋವರ್ಗೂ ಎಂಜಿನ್‌ಎಕ್ಸ್‌ನಲ್ಲಿ (ಆಪ್ ಮುಂದೆ ನಿಂತು ರಿಕ್ವೆಸ್ಟ್ ತಗೊಳ್ಳೋ ವೆಬ್ ಸರ್ವರ್) ಆ ಹೆಡರ್ ಕಿತ್ತಾಕಿ. ಆಮೇಲೆ ದಯವಿಟ್ಟು ಡೇಟಾ ಕೊಡೋ ಜಾಗದಲ್ಲೂ ಸೆಷನ್ ಚೆಕ್ (ಲಾಗಿನ್ ಆಗಿದ್ದಾರಾ ಅನ್ನೋ ಪರೀಕ್ಷೆ) ಹಾಕಿ. ಮಾಮೂಲಿ ಲಾಗಲ್ಲಿ ಈ ಹೆಡರ್ ಕಾಣಲ್ಲ, ಅದಕ್ಕೆ ಲಾಗಿನ್ ಪೇಜ್ ಮುಟ್ಟದೇನೇ ಅಡ್ಮಿನ್ ಪೇಜಿಗೆ 200 (ಪೇಜ್ ಸಿಕ್ತು ಅನ್ನೋ ಸರ್ವರ್ ಉತ್ತರ) ಸಿಕ್ಕಿರೋ ಐಪಿ ವಿಳಾಸ ಯಾವ್ದಾದ್ರೂ ಇದೆಯಾ ನೋಡಿ.