ದತ್ತು ಮಗು, ವಿದೇಶ ಮತ್ತು ವಿಶ್ವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಮೂಲತಃ ಉಡುಪಿ ಕಡೆಯವರು, ಈಗ ಅಮೆರಿಕದ ಪೌರರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದೆ. ಒಬ್ಬ ಮಗನಿದ್ದಾನೆ. ಇನ್ನೊಂದು ಮಗುವಿಗೆ ಮನೆ ಕೊಡಬೇಕೆಂದು ಪ್ರಾರ್ಥಿಸಿ ನಿರ್ಧರಿಸಿದ್ದೇವೆ. ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಪರಿಚಯದ ಸಿಸ್ಟರ್‌ಗಳ ಆಶ್ರಮದಿಂದ ನೇರವಾಗಿ ದತ್ತು ಪಡೆಯಬಹುದೇ?
– ಓದುಗರು, ಡಲ್ಲಾಸ್

ಉತ್ತರ: ಇಲ್ಲ. ಮಗುವನ್ನು ನೋಡಿ ಆರಿಸಿಕೊಳ್ಳುವ ಕಾಲ ಮುಗಿದಿದೆ. 2015ರ ಬಾಲ ನ್ಯಾಯ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ವಿಧಿವಿಧಾನ ಬಿಟ್ಟು ಮಗುವನ್ನು ಕೊಟ್ಟವರಿಗೂ ಪಡೆದವರಿಗೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಸಿಸ್ಟರ್‌ಗಳನ್ನೂ ಸಿಕ್ಕಿಸಿ ಹಾಕಬೇಡಿ.

ನಿಮ್ಮ ದಾರಿ ಶುರುವಾಗುವುದು ಡಲ್ಲಾಸ್‌ನಲ್ಲೇ. ಭಾರತದ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ‘ಕಾರಾ’, ಮಾನ್ಯ ಮಾಡಿರುವ ಅಮೆರಿಕದ ಏಜೆನ್ಸಿಯೊಂದನ್ನು ಹಿಡಿಯಿರಿ. ಅವರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಅದನ್ನಿಟ್ಟುಕೊಂಡು ಅಮೆರಿಕದ ವಲಸೆ ಇಲಾಖೆಗೆ ‘ಐ-800ಎ’ ಅರ್ಜಿ, ನೀವು ದತ್ತು ಪಡೆಯಲು ಅರ್ಹರೇ ಎಂದು ತೀರ್ಮಾನಿಸಲು. ಅದು ಒಪ್ಪಿಗೆಯಾದ ಮೇಲೆ ಏಜೆನ್ಸಿ ನಿಮ್ಮ ಕಡತವನ್ನು ಕಾರಾದ ‘ಕೇರಿಂಗ್ಸ್’ ಪೋರ್ಟಲ್‌ಗೆ ಏರಿಸುತ್ತದೆ. ಸರದಿ ಬಂದಾಗ ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಕೈಸೇರುತ್ತವೆ. ಈ ವೈದ್ಯಕೀಯ ವರದಿಯನ್ನು ನಿಮ್ಮೂರಿನ ಮಕ್ಕಳ ತಜ್ಞರಿಗೆ ತೋರಿಸದೆ ಸಹಿ ಹಾಕಬೇಡಿ; ಫೋಟೊ ನೋಡಿ ಮನಸ್ಸು ಕರಗಿ ಹೂಂ ಅನ್ನುವವರೇ ಜಾಸ್ತಿ.

ಮಗುವನ್ನು ಒಪ್ಪಿದ ನಂತರ ಆ ನಿರ್ದಿಷ್ಟ ಮಗುವಿನ ಹೆಸರಿನಲ್ಲಿ ‘ಐ-800’ ಅರ್ಜಿ, ಅದಕ್ಕೆ ತಾತ್ಕಾಲಿಕ ಒಪ್ಪಿಗೆ, ಕಾರಾದ ನಿರಾಕ್ಷೇಪಣಾ ಪತ್ರ, ಆಮೇಲೆ ಜಿಲ್ಲಾಧಿಕಾರಿಯ ದತ್ತು ಆದೇಶ. 2022ರ ಸೆಪ್ಟೆಂಬರ್‌ವರೆಗೆ ಈ ಆದೇಶ ಕೋರ್ಟಿನಿಂದ ಬರುತ್ತಿತ್ತು, ಈಗ ಡಿಸಿ ಕಚೇರಿಯಿಂದ ಬರುತ್ತದೆ. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ದೇಶ ದೇಶಗಳ ನಡುವಿನ ದತ್ತು ಕುರಿತ ಹೇಗ್ ಒಪ್ಪಂದದ ಅನುಸರಣಾ ಪತ್ರ ಮತ್ತು ವೀಸಾ ಕೊನೆಗೆ. ಈ ಸರಪಣಿ ಹಿಂದುಮುಂದಾದರೆ ಕೆಲಸ ಕೆಟ್ಟಂತೆ. ‘ಐ-800’ಕ್ಕೆ ಮುಂಚೆಯೇ ಇಲ್ಲಿ ದತ್ತು ಆದೇಶ ಪಡೆದರೆ ಭಾರತದ ಕಾನೂನಿನಲ್ಲಿ ಮಗು ನಿಮ್ಮದು, ಆದರೆ ವೀಸಾ ಸಿಗದೆ ಇಲ್ಲೇ ಉಳಿಯುವ ಸ್ಥಿತಿ ಬರಬಹುದು.

ಅರ್ಹತೆಯನ್ನು ಈಗಲೇ ಲೆಕ್ಕ ಹಾಕಿ. ಮದುವೆಯಾಗಿ ಎರಡು ವರ್ಷ ಆಗಿರಬೇಕು. ಎರಡು ವರ್ಷದೊಳಗಿನ ಮಗುವಾದರೆ ಗಂಡ ಹೆಂಡತಿಯ ವಯಸ್ಸು ಸೇರಿ 85 ಮೀರಬಾರದು. ಎರಡರಿಂದ ನಾಲ್ಕಕ್ಕೆ 90, ನಾಲ್ಕರಿಂದ ಎಂಟಕ್ಕೆ 100, ಅದಕ್ಕೂ ದೊಡ್ಡ ಮಗುವಿಗೆ 110. ಆರೋಗ್ಯವಂತ ಎಳೆಗೂಸೇ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಐದು ದಾಟಿದವರು, ಒಡಹುಟ್ಟಿದವರ ಜೋಡಿ, ವಿಶೇಷ ಆರೈಕೆ ಬೇಕಾದವರು: ನಿಜವಾಗಿ ಮನೆ ಸಿಗದೆ ಉಳಿದಿರುವವರು ಇವರು. ಮಗುವಿಗೆ ಮನೆ ಕೊಡಬೇಕೆಂಬ ನಿಮ್ಮ ಮಾತು ಗಟ್ಟಿಯಾಗಿದ್ದರೆ ಈ ಪಟ್ಟಿಯನ್ನು ಮೊದಲು ನೋಡಿ.

ಮಗುವಿನ ಪಾಲನಾ ನಿಧಿಗೆ ನಿಗದಿಯಾದ ಶುಲ್ಕ ಬಿಟ್ಟು ಆಶ್ರಮಕ್ಕೆ ‘ಕಾಣಿಕೆ’ ಎಂದು ಏನನ್ನೂ ಕೊಡಬೇಡಿ, ಚರ್ಚ್ ಮೂಲಕವೂ ಬೇಡ. ಮಗು ಮನೆ ಸೇರಿದ ಮೇಲೆ ಎರಡು ವರ್ಷ ಏಜೆನ್ಸಿ ವರದಿ ಕಳಿಸುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ.

ಪ್ರಶ್ನೆ: ನನ್ನ ತಂಗಿಗೆ ಮೂವರು ಹೆಣ್ಣುಮಕ್ಕಳು. ಭಾವನಿಗೆ ಒಳ್ಳೆಯ ಕೆಲಸವಿದೆ. ಕೊನೆಯವಳನ್ನು ಅಮೆರಿಕದಲ್ಲಿರುವ ನಮ್ಮ ಅಣ್ಣನಿಗೆ ದತ್ತು ಕೊಟ್ಟರೆ ಅವಳ ಓದಿಗೆ ಅನುಕೂಲ. ಫಾದರ್ ಕೂಡ ಒಪ್ಪಿದ್ದಾರೆ.
– ಓದುಗರು, ಚಿಕ್ಕಮಗಳೂರು

ಉತ್ತರ: ಸೋದರಮಾವ ದತ್ತು ಪಡೆಯಲು ಭಾರತದ ಕಾನೂನಿನಲ್ಲಿ ಅವಕಾಶವಿದೆ. ಅಡ್ಡಿ ಇರುವುದು ಅಮೆರಿಕದ ಕಡೆ. ತಂದೆ ತಾಯಿ ಇಬ್ಬರೂ ಬದುಕಿದ್ದರೆ, ಮಗುವನ್ನು ಸರಿಯಾಗಿ ಸಾಕುವ ಸಾಮರ್ಥ್ಯ ಅವರಿಗಿಲ್ಲ ಎಂದು ತೋರಿಸಬೇಕು. ಅರ್ಜಿ ಹಾಕುವಾಗ ಮಗುವಿಗೆ ಸಾಮಾನ್ಯವಾಗಿ 16 ತುಂಬಿರಬಾರದು. ನಿಮ್ಮ ಭಾವನ ಸಂಬಳದ ಚೀಟಿಯೇ ಈ ಅರ್ಜಿಯನ್ನು ಬೀಳಿಸುತ್ತದೆ. ಬಡತನ ನಟಿಸುವ ಕಾಗದ ಮಾಡಿಸಿದರೆ ಅದು ವಂಚನೆ. ಓದೇ ಗುರಿಯಾದರೆ ಅಣ್ಣ ಫೀಸು ಕಟ್ಟಲಿ.

ಪ್ರಶ್ನೆ: ಬೈಬಲ್‌ನ ಯಾಕೋಬನ ಪತ್ರಿಕೆ 1:27ರಿಂದ ಪ್ರೇರಣೆ ಪಡೆದು ನಮ್ಮ ಸಭೆಯವರು ಅನಾಥಾಲಯ ಕಟ್ಟಲು ಹೊರಟಿದ್ದೇವೆ. ವಿದೇಶದ ಸಭೆಯೊಂದು ಹಣ ಕೊಡುತ್ತದೆ, ಅವರಲ್ಲಿ ಕೆಲವರು ಮಕ್ಕಳನ್ನು ದತ್ತು ಒಯ್ಯಲೂ ತಯಾರು. ಹೇಗೆ ಮುಂದುವರಿಯುವುದು?
– ಓದುಗರು, ಬೀದರ್

ಉತ್ತರ: ಆ ವಚನವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಅನಾಥರ ಪಕ್ಕದಲ್ಲೇ ವಿಧವೆಯರಿದ್ದಾರೆ. ನಮ್ಮ ಮಕ್ಕಳ ಗೃಹಗಳಲ್ಲಿ ಅಪ್ಪ ತೀರಿಕೊಂಡು, ಅಮ್ಮ ಕೂಲಿಗೆ ಹೋಗುವ ಮಕ್ಕಳು ಎಷ್ಟೋ ಇದ್ದಾರೆ. ತಾಯಿಯ ಕೈಹಿಡಿದರೆ ಮಗು ಅನಾಥಾಲಯಕ್ಕೆ ಬರುವುದೇ ಇಲ್ಲ. ಕಟ್ಟಡ ಕಟ್ಟಿದರೆ ಅದನ್ನು ತುಂಬಿಸಲು ಮಕ್ಕಳನ್ನು ಹುಡುಕುವ ಪರಿಸ್ಥಿತಿ ಬರುತ್ತದೆ, ಹಿಂದಿನಿಂದ ದತ್ತು ಪಡೆಯಲು ಕಾದಿರುವ ಹಣವಂತರೂ ಇದ್ದರೆ ಕೇಳುವುದೇ ಬೇಡ.

ಇದು ಬರೀ ಭಯವಲ್ಲ. 2010ರ ಜನವರಿಯ ಭೂಕಂಪದ ನಂತರ ಹೈಟಿಯಿಂದ 33 ಮಕ್ಕಳನ್ನು ಗಡಿ ದಾಟಿಸಲು ಹೊರಟ ಅಮೆರಿಕದ ಬ್ಯಾಪ್ಟಿಸ್ಟ್ ತಂಡವೊಂದು ಬಂಧನಕ್ಕೊಳಗಾಯಿತು. ಆ ಮಕ್ಕಳಲ್ಲಿ ಬಹುತೇಕರ ಹೆತ್ತವರು ಬದುಕಿದ್ದರು. ದಕ್ಷಿಣ ಕೊರಿಯಾದಿಂದ 1955ರಲ್ಲಿ ಎಂಟು ಮಕ್ಕಳನ್ನು ದತ್ತು ಪಡೆದ ಹ್ಯಾರಿ ಹೋಲ್ಟ್ ಎಂಬ ಅಮೆರಿಕದ ರೈತನ ಉದ್ದೇಶವೂ ಧರ್ಮಶ್ರದ್ಧೆಯದೇ. ಮುಂದೆ ಅಲ್ಲಿಂದ ಮಕ್ಕಳನ್ನು ಹೊರಗೆ ಕಳಿಸುವುದೇ ಒಂದು ದೊಡ್ಡ ವ್ಯವಸ್ಥೆಯಾಗಿ ಬೆಳೆಯಿತು. ಹೆತ್ತವರಿದ್ದ ಮಕ್ಕಳನ್ನೂ ದಾಖಲೆಯಲ್ಲಿ ಅನಾಥರೆಂದು ಬರೆದದ್ದು ಸೇರಿದಂತೆ ಅದರ ಲೋಪಗಳನ್ನು ಅಲ್ಲಿನ ಸತ್ಯಶೋಧನಾ ಆಯೋಗ 2025ರಲ್ಲಿ ಎತ್ತಿ ತೋರಿಸಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿದೆ. ಅದರ ಕ್ರಮ ಹೀಗೆ: ಮೊದಲು ಹೆತ್ತ ಮನೆ, ಅದಾಗದಿದ್ದರೆ ಸ್ವದೇಶದ ಮನೆ, ಆಮೇಲೆ ಹೊರದೇಶ.

ನೀವು ಮಾಡಬಹುದಾದ್ದು ಇದು. ಸಭೆಯ ವ್ಯಾಪ್ತಿಯಲ್ಲಿರುವ ವಿಧವೆಯರ ಪಟ್ಟಿ ಮಾಡಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರದಿದ್ದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿಸಿ, ಮಂಜೂರಾದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಹೆಚ್ಚಾಗಿ ತಡೆಯಾಗುವುದು ಗಂಡನ ಮರಣ ಪ್ರಮಾಣಪತ್ರ ಇಲ್ಲದ್ದಕ್ಕೆ, ಆಧಾರ್‌ನಲ್ಲಿ ಒಂದು ಹೆಸರು ಶಾಲೆಯಲ್ಲಿ ಇನ್ನೊಂದು ಇರುವುದಕ್ಕೆ. ಈ ಓಡಾಟ ಆಕೆಗೆ ಒಂದೊಂದು ದಿನದ ಕೂಲಿ ಕಳೆಯುತ್ತದೆ. ಅಲ್ಲಿ ನಿಮ್ಮ ಯುವಕರು ಬೇಕು.

ತಾಯಿಯೇ ಮಗುವನ್ನು ಬಿಟ್ಟುಕೊಡಲು ನಿರ್ಧರಿಸಿದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಲಿ. ಮನಸ್ಸು ಬದಲಿಸಲು ಆಕೆಗೆ 60 ದಿನ ಇರುತ್ತದೆ. ಆ ದಿನಗಳಲ್ಲಿ ನೀವಾಗಲಿ ವಿದೇಶದ ಕುಟುಂಬವಾಗಲಿ ಆಕೆಯ ಬಳಿ ಸುಳಿಯಬೇಡಿ. ಇಷ್ಟಾಗಿಯೂ ಗೃಹವೇ ಬೇಕೆಂದರೆ ಬಾಲ ನ್ಯಾಯ ಕಾಯ್ದೆಯಡಿ ನೋಂದಣಿ, ವಿದೇಶಿ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಅನುಮತಿ, ಎರಡೂ ಮೊದಲು. ದತ್ತು ಕೊಡುವ ಅಧಿಕಾರ ಇವುಗಳಿಂದ ಬರುವುದಿಲ್ಲ, ವಿಶೇಷ ದತ್ತು ಸಂಸ್ಥೆಯ ಮಾನ್ಯತೆ ಪ್ರತ್ಯೇಕ.

ಪ್ರಶ್ನೆ: ದತ್ತು ಮಗುವಿನ ದೀಕ್ಷಾಸ್ನಾನ ಯಾವಾಗ? ರಿಜಿಸ್ಟರ್‌ನಲ್ಲಿ ಯಾರ ಹೆಸರು?
– ಓದುಗರು, ಮಂಗಳೂರು

ಉತ್ತರ: ದತ್ತು ಆದೇಶ ಕೈಗೆ ಬಂದ ಮೇಲೆ. ಮಗುವನ್ನು ಪಾಲನೆಗೆ ಮನೆಗೆ ತಂದ ಮಾತ್ರಕ್ಕೆ ಅವಸರ ಬೇಡ. ಕಥೊಲಿಕ ಧರ್ಮಸಭೆಯ ಕಾನೂನು ಸಂಹಿತೆಯ 110ನೇ ವಿಧಿಯಂತೆ, ನಾಡಿನ ಕಾನೂನಿನ ಪ್ರಕಾರ ದತ್ತಾದವರು ದತ್ತು ಪಡೆದವರ ಮಕ್ಕಳೇ. 877ನೇ ವಿಧಿಯಂತೆ ದತ್ತು ತಂದೆ ತಾಯಿಯ ಹೆಸರು ದಾಖಲಾಗುತ್ತದೆ. ಆದೇಶದ ಪ್ರತಿ ಮತ್ತು ಹೊಸ ಜನನ ಪ್ರಮಾಣಪತ್ರ ಒಯ್ಯಿರಿ. ಮಗುವಿಗೆ ಆರೇಳು ವರ್ಷವಾಗಿದ್ದರೆ ಅದರ ಮನಸ್ಸನ್ನೂ ಕೇಳಿ, ಮನೆಗೆ ಒಗ್ಗಲು ಸಮಯ ಕೊಡಿ.

ಪ್ರಶ್ನೆ: 1994ರಲ್ಲಿ ಕೋರ್ಟಿನಿಂದ ಒಂದು ಹೆಣ್ಣುಮಗುವನ್ನು ಪಡೆದೆವು. ಈಗ ಆಸ್ತಿ ಅವಳಿಗೆ ತಾನಾಗಿ ಬರುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಆದೇಶದ ಪ್ರತಿ ತೆಗೆದು ನೋಡಿ. ಆಗ ಕ್ರೈಸ್ತರಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು 1890ರ ಕಾಯ್ದೆಯಡಿ ಪೋಷಕತ್ವ ಮಾತ್ರ, ದತ್ತು ಅಲ್ಲ. ಹಾಗಿದ್ದರೆ ವಾರಸು ತಾನಾಗಿ ಬರುವುದಿಲ್ಲ, ಮತ್ತು 18 ದಾಟಿದವರನ್ನು ಬಾಲ ನ್ಯಾಯ ಕಾಯ್ದೆಯಡಿ ದತ್ತು ಪಡೆಯಲೂ ಆಗದು. ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿ. ಸಾಕ್ಷಿಯಾಗಿ ಅವಳನ್ನಾಗಲಿ ಅವಳ ಗಂಡನನ್ನಾಗಲಿ ಹಾಕಬೇಡಿ. ಹಾಕಿದರೆ ಅವಳಿಗೆ ಬರೆದ ಪಾಲೇ ಊರ್ಜಿತವಾಗುವುದಿಲ್ಲ.